ಹಾಜರಿ ಪುಸ್ತಕದ ಹನ್ನೊಂದು ಚೌಕಗಳು

ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀ ದತ್ತಾತ್ರೇಯ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಪೀತಮ್‌ಪುರ ಕನ್ನಡ ಬಳಗದ ಪದಾಧಿಕಾರಿಗಳೇ, ಭಾನುವಾರದ ಮಧ್ಯಾಹ್ನದ ನಿದ್ದೆಯನ್ನು ತ್ಯಾಗ ಮಾಡಿ ಬಂದಿರುವ ಸಭಿಕರೇ, ಮತ್ತು ಕೊನೆಯ ಸಾಲಿನಲ್ಲಿ ಫೋನನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ನೋಡುತ್ತಿರುವ ಮಕ್ಕಳೇ,

ನನ್ನ ಪೂರ್ಣ ಹೆಸರು ವೈಜಯಂತಿ ಚಂದ್ರಪ್ಪ ಅಕ್ಕೂರ. ಈ ದಿಲ್ಲಿಯ ಒಂದು ಮಹಿಳಾ ಕಾಲೇಜಿನಲ್ಲಿ ಮೂವತ್ತೇಳು ವರ್ಷ ಹತ್ತು ತಿಂಗಳು ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಆಮಂತ್ರಣ ಪತ್ರಿಕೆಯಲ್ಲಿ ಮೂವತ್ತೆಂಟು ವರ್ಷ ಎಂದು ಅಚ್ಚಾಗಿದೆ. ಎರಡು ತಿಂಗಳನ್ನು ಬಳಗದವರು ಪ್ರೀತಿಯಿಂದ ಸೇರಿಸಿದ್ದಾರೆ. ಪ್ರೀತಿಗೆ ಕೃತಜ್ಞಳು, ಆದರೆ ನಾನು ದುಡಿಯದ ಎರಡು ತಿಂಗಳ ಗೌರವವನ್ನು ಇಟ್ಟುಕೊಳ್ಳಲಾರೆ. ಅಧ್ಯಕ್ಷರು ನನ್ನನ್ನು ಪರಿಚಯಿಸುವಾಗ ಇನ್ನೊಂದು ಮಾತನ್ನೂ ಹೇಳಿದರು: ಸೇವಾವಧಿಯಲ್ಲಿ ಒಂದು ದಿನವೂ ರಜೆ ಹಾಕದವರು ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯ ವಿಷಯವನ್ನೇ ಇವತ್ತು ಮಾತನಾಡಬೇಕಾಗಿದೆ.

ಬಳಗದ ಕಾರ್ಯದರ್ಶಿ ಚಿರಂತ್ ಮೂರು ವಾರದ ಹಿಂದೆ ಫೋನ್ ಮಾಡಿದ. ಗುರುಗ್ರಾಮದ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗ, ಮಾತಿನಲ್ಲಿ ಅವಸರ. “ಆಂಟಿ, ಈ ಸಲ ನಿಮ್ಮ ಸನ್ಮಾನ. ಜೊತೆಗೆ ಟೀಚರ್‌ಗಳ ಬರ್ನ್‌ಔಟ್ ಬಗ್ಗೆ ಹತ್ತು ನಿಮಿಷ ಮಾತಾಡ್ಬೇಕು. ಅಚ್ಛಾ, ಸ್ವಲ್ಪ ಪಾಸಿಟಿವ್ ಆಗಿರ್ಲಿ” ಎಂದ. ಬರ್ನ್‌ಔಟ್ ಎಂದರೇನಪ್ಪ, ಕನ್ನಡದಲ್ಲಿ ಹೇಳು ಎಂದೆ. ಅವನಿಗೆ ಹೊಳೆಯಲಿಲ್ಲ. ನನಗೂ ಕೂಡಲೇ ಹೊಳೆಯಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಹೊಳೆಯಿತು. ನಾವು ಹಾವೇರಿ ಕಡೆಯವರು ಅದಕ್ಕೆ ತಳ ಹಿಡಿಯುವುದು ಎನ್ನುತ್ತೇವೆ. ಮೇಲಿನಿಂದ ನೋಡಿದರೆ ಪಾಯಸ ಚೆನ್ನಾಗಿಯೇ ಕುದಿಯುತ್ತಿರುತ್ತದೆ. ಕೆಳಗೆ ಏನಾಗುತ್ತಿದೆಯೆಂದು ಯಾರಿಗೂ ಕಾಣುವುದಿಲ್ಲ. ವಾಸನೆ ಬಂದಾಗ ಓಡಿ ಬರುತ್ತೇವೆ, ಮತ್ತು ಪಾತ್ರೆಯನ್ನೇ ಬೈಯುತ್ತೇವೆ.

ಕಾಲೇಜಿನ ಅಧ್ಯಾಪಕರಿಗೆ ಏನು ದಣಿವು, ದಿನಕ್ಕೆ ಮೂರು ಗಂಟೆ ಪಾಠ, ವರ್ಷಕ್ಕೆ ಎರಡು ಸಲ ರಜೆ, ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ನನ್ನ ಕಾಲದಲ್ಲಿ ಆ ಮಾತಿನಲ್ಲಿ ನಾಲ್ಕಾಣೆಯಷ್ಟು ಸತ್ಯವಿತ್ತು. ಈಗ? ಪಾಠವೆಂಬುದು ಉಳಿದೆಲ್ಲ ಕೆಲಸಗಳ ನಡುವೆ ಕದ್ದು ಮಾಡುವ ಕೆಲಸವಾಗಿದೆ. ಅಂಕಗಳನ್ನು ಒಂದು ಪೋರ್ಟಲ್‌ಗೆ ತುಂಬಬೇಕು, ಹಾಜರಿಯನ್ನು ಇನ್ನೊಂದಕ್ಕೆ. ಹದಿನಾಲ್ಕು ವಾಟ್ಸ್ಆ್ಯಪ್ ಗುಂಪುಗಳಲ್ಲಿ “ನೋಟೆಡ್ ಸರ್” ಎಂದು ಬರೆಯಬೇಕು. ಮೌಲ್ಯಮಾಪನ ಸಮಿತಿ ಬರುತ್ತದೆಂದರೆ ಐದು ವರ್ಷದ ಕಡತಗಳನ್ನು ಹದಿನೈದು ದಿನದಲ್ಲಿ ಹುಟ್ಟಿಸಬೇಕು. ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಅಧ್ಯಾಪಕರಿಗಾಗಿ ಒತ್ತಡ ನಿವಾರಣಾ ಕಾರ್ಯಾಗಾರ ನಡೆಯಿತು. ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ. ಹಾಜರಿ ಕಡ್ಡಾಯ. ಕಣ್ಣು ಮುಚ್ಚಿ ಉಸಿರಾಡಿದ್ದಕ್ಕೆ ಫೋಟೊ, ಮತ್ತು ಫೋಟೊಗಳೊಂದಿಗೆ ವರದಿ. ಆ ವರದಿಯನ್ನು ಬರೆದು ಮುಗಿಸಲು ಭಾನುವಾರವಿಡೀ ಕುಳಿತಿದ್ದವಳು ಹರ್ಷಿಣಿ.

ಹರ್ಷಿಣಿ ನಿಮಗೆ ಗೊತ್ತು. ಹೋದ ರಾಜ್ಯೋತ್ಸವದಲ್ಲಿ ಮಕ್ಕಳ ನಾಟಕ ಮಾಡಿಸಿದವಳು. ಮೂಡಬಿದಿರೆಯ ಹುಡುಗಿ, ಗಂಡ ಪೃಥ್ವಿಯೊಂದಿಗೆ ಘಾಜಿಯಾಬಾದಿನಲ್ಲಿ ವಾಸ. ಏಳು ವರ್ಷದ ಹಿಂದೆ ಅವಳನ್ನು ನಮ್ಮ ವಿಭಾಗಕ್ಕೆ ಆಯ್ಕೆ ಮಾಡಿದ ಸಮಿತಿಯಲ್ಲಿ ನಾನಿದ್ದೆ. ಅವಳ ಹೆಸರು ಹೇಳಿ ಮಾತನಾಡುತ್ತಿದ್ದೇನೆಂದು ಯಾರೂ ಗಾಬರಿಯಾಗಬೇಡಿ. ಅನುಮತಿ ಪಡೆದಿದ್ದೇನೆ. ಹೆಸರು ಬಿಟ್ಟು ಹೇಳುತ್ತೇನೆ ಎಂದಿದ್ದೆ. ಅವಳೇ ಬೇಡವೆಂದಳು. “ಹೆಸರಿಲ್ಲದಿದ್ರೆ ಎಲ್ರೂ ಬೇರೆಯವರ ಕಥೆ ಅಂದ್ಕೋತಾರೆ ಮೇಡಂ” ಎಂದಳು.

ಕಳೆದ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನನಗೆ ಕಾಲೇಜಿನ ಗೇಟಿನಿಂದ ಫೋನ್ ಬಂತು. ಕಾವಲುಗಾರ ಹನುಮಂತ. ಬಿಹಾರದವನು, ಇಪ್ಪತ್ತು ವರ್ಷದಿಂದ ಅದೇ ಗೇಟಿನಲ್ಲಿದ್ದಾನೆ. ಹರ್ಷಿಣಿ ಮೇಡಂ ಬಂದು ಗೇಟಿನ ಹೊರಗೆ ಕುಳಿತಿದ್ದಾರೆ, ಇವತ್ತು ಇತ್ವಾರ್ ಎಂದು ಮೂರು ಸಲ ಹೇಳಿದೆ, ಹೌದು ಭಯ್ಯಾ ಎನ್ನುತ್ತಾರೆ, ಏಳುವುದಿಲ್ಲ, ನಿಮ್ಮ ನಂಬರ್ ಕೊಟ್ಟರು ಎಂದ. ನಾನಿರುವ ಪೀತಮ್‌ಪುರದಿಂದ ಅಲ್ಲಿಗೆ ಮೆಟ್ರೊದಲ್ಲಿ ಮುಕ್ಕಾಲು ಗಂಟೆ. ಹೋಗಿ ನೋಡಿದರೆ ಹುಡುಗಿ ಹನುಮಂತನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಾಳೆ. ಇಸ್ತ್ರಿ ಮಾಡಿದ ಸೀರೆ, ಕೊರಳಲ್ಲಿ ಗುರುತಿನ ಚೀಟಿ, ಮಡಿಲಲ್ಲಿ ಉತ್ತರ ಪತ್ರಿಕೆಗಳ ಕಟ್ಟು.

ಭಾನುವಾರ ಎನ್ನುವುದು ಮರೆತುಹೋಯಿತೇ ಎಂದು ಕೇಳಿದೆ. ಅವಳು ಹೇಳಿದ ಮಾತನ್ನು ನಾನು ಒಂದಕ್ಷರ ಬದಲಿಸದೆ ಹೇಳುತ್ತೇನೆ.

“ಗೇಟ್ ಹತ್ರ ಬಂದಾಗ ಗೊತ್ತಾಯ್ತು ಮೇಡಂ. ಆದ್ರೆ ಈಗ ಮನೆಗೆ ಹೋದ್ರೆ ನಾಳೆ ಮತ್ತೆ ಬರೋಕಾಗಲ್ಲ ಅನ್ನಿಸ್ತು. ಅದಕ್ಕೆ ಇಲ್ಲೇ ಕೂತೆ.”

ಸಭಿಕರೇ, ಇಂಥ ಮಾತನ್ನು ಕೇಳಿದ ಹಿರಿಯಳೊಬ್ಬಳು ಏನು ಮಾಡಬೇಕು? ನಾನೇನು ಮಾಡಿದೆ ಎಂಬುದನ್ನು ಹೇಳುತ್ತೇನೆ. ಅವಳನ್ನು ಮನೆಗೆ ಕರೆತಂದೆ, ಉಪ್ಪಿಟ್ಟು ಮಾಡಿಕೊಟ್ಟೆ, ಆಮೇಲೆ ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಬೆಳಿಗ್ಗೆ ಐದಕ್ಕೆ ಏಳು, ಪ್ರಾಣಾಯಾಮ ಮಾಡು, ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸು, ನನ್ನನ್ನು ನೋಡು. ಅವಳು ಉಪ್ಪಿಟ್ಟನ್ನೂ ಉಪದೇಶವನ್ನೂ ಸಮಾನ ಶ್ರದ್ಧೆಯಿಂದ ನುಂಗಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. “ನಿಮಗೆ ಒಂದ್ಸಲಾನೂ ಹೀಗಾಗಿಲ್ವಾ ಮೇಡಂ?”

ಇಲ್ಲ ಎಂದೆ.

ಆಗಲೇ ತಿಳಿದ ಇನ್ನೊಂದು ವಿಷಯವಿದೆ. ಅದಕ್ಕೂ ಮೊದಲಿನ ವಾರ ಅವಳು ವೈದ್ಯರ ಚೀಟಿ ಹಿಡಿದು ಪ್ರಾಂಶುಪಾಲರ ಬಳಿಗೆ ಹೋಗಿದ್ದಳು. ಎರಡು ತಿಂಗಳ ವಿಶ್ರಾಂತಿ ಬೇಕೆಂದು ವೈದ್ಯರು ಬರೆದಿದ್ದರು. ಪ್ರಾಂಶುಪಾಲರು ಕೆಟ್ಟವರಲ್ಲ. ಅವರು ರಜೆ ಇಲ್ಲ ಎನ್ನಲೂ ಇಲ್ಲ. ಗೋಡೆಯ ಕಡೆ ಕೈ ತೋರಿಸಿ, ನಕ್ಕು, “ಆಪ್ ಕೇ ಡಿಪಾರ್ಟ್‌ಮೆಂಟ್ ಮೇ ತೋ ಇಸ್ ಕಾ ರಿವಾಜ್ ಹೀ ನಹೀ ಹೈ” ಎಂದರಂತೆ. ನಿಮ್ಮ ವಿಭಾಗದಲ್ಲಿ ಇಂಥ ರೂಢಿಯೇ ಇಲ್ಲವಲ್ಲ, ಎಂದು. ಅವಳು ಚೀಟಿಯನ್ನು ಮಡಚಿಕೊಂಡು ಹೊರಗೆ ಬಂದಳು.

ಗೋಡೆಯ ಮೇಲೆ ಏನಿದೆ? ತೇಗದ ಮರದ ಒಂದು ಫಲಕವಿದೆ. ‘ಪ್ರೊ. ವೈಜಯಂತಿ ಅಕ್ಕೂರ ಪೂರ್ಣ ಹಾಜರಿ ಫಲಕ.’ ನಿವೃತ್ತಿಯ ದಿನ ನಾನೇ ಮಾಡಿಸಿ ಕೊಟ್ಟದ್ದು. ವರ್ಷವಿಡೀ ಒಂದು ದಿನವೂ ರಜೆ ಹಾಕದ ಅಧ್ಯಾಪಕರ ಹೆಸರನ್ನು ಅದರ ಮೇಲೆ ಹಿತ್ತಾಳೆಯಲ್ಲಿ ಕೆತ್ತಿಸುತ್ತಾರೆ. ಮೊದಲ ವರ್ಷ ಯಾರಿಗೂ ಬರಲಿಲ್ಲ. ಆಮೇಲಿನ ಎರಡು ವರ್ಷವೂ ಅದರ ಮೇಲೆ ಕೆತ್ತಿಸಿಕೊಂಡ ಹೆಸರು ಹರ್ಷಿಣಿಯದು. ಎರಡು ಸಲವೂ ವಾರ್ಷಿಕೋತ್ಸವಕ್ಕೆ ಹೋಗಿ, ಅವಳ ಕೈಗೆ ಸ್ಮರಣಿಕೆಯನ್ನಿತ್ತು, ಇವಳು ನನ್ನ ಹುಡುಗಿ ಎಂದು ಮೈಕಿನಲ್ಲಿ ಹೇಳಿ ಬಂದವಳು ನಾನು. ಆ ಎರಡನೆಯ ವರ್ಷ ಅವಳಿಗೆ ಡೆಂಗಿ ಬಂದಿತ್ತೆಂಬುದು ನನಗೆ ಮೊನ್ನೆ ಗೊತ್ತಾಯಿತು.

ಇನ್ನು ನನ್ನದೊಂದು ಅಭ್ಯಾಸದ ಬಗ್ಗೆ ಹೇಳಬೇಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ದಿಲ್ಲಿಗೆ ಬಂದವಳು ನಾನು. ಮೊದಲ ವರ್ಷ ನನ್ನ ಇಂಗ್ಲಿಷ್ ಕೇಳಿ ಹಾಸ್ಟೆಲಿನ ಹುಡುಗಿಯರು ಕರ್ಚೀಫಿನ ಹಿಂದೆ ನಗುತ್ತಿದ್ದರು. ಬರವಣಿಗೆಯಲ್ಲಿ ನನ್ನ ತಪ್ಪನ್ನು ಯಾರೂ ಹಿಡಿಯಬಾರದೆಂದು ಹಟ ತೊಟ್ಟೆ. ಆ ಹಟ ಕ್ರಮೇಣ ಕೀರ್ತಿಯಾಯಿತು. ಈ ಸಭೆಯಲ್ಲಿರುವ ಅರ್ಧದಷ್ಟು ಯುವಕ ಯುವತಿಯರ ಅರ್ಜಿ, ಪ್ರಬಂಧ, ಮನೆ ಬಾಡಿಗೆಯ ಕರಾರು ನನ್ನ ಕೆಂಪು ಪೆನ್ನಿನ ಕೆಳಗೆ ಹಾದುಹೋಗಿವೆ. ಕೇಳದಿದ್ದರೂ ತಿದ್ದುತ್ತೇನೆ. ಆಚೆ ತಿಂಡಿಯ ಮೇಜಿನಲ್ಲಿ ಕೇಸರಿಬಾತಿನ ಹತ್ತಿರ ಅಂಟಿಸಿದ ಸೂಚನೆಯನ್ನೂ ಬರುವಾಗ ತಿದ್ದಿಯೇ ಬಂದಿದ್ದೇನೆ.

ಗೇಟಿನ ಆ ಘಟನೆಯ ಎರಡು ವಾರದ ನಂತರ, ಮಂಗಳವಾರ, ಹರ್ಷಿಣಿಯಿಂದ ಒಂದು ಮೇಲ್ ಬಂತು. ಮೇಡಂ, ಈ ಪತ್ರವನ್ನು ದಯವಿಟ್ಟು ನೋಡಿಕೊಡಿ, ಮುಂದಿನ ಸೋಮವಾರ ಕೊಡಬೇಕು ಎಂದಿತ್ತು. ಕಾಗದದ ಮೇಲೆ ಅಚ್ಚು ಹಾಕಿಕೊಂಡೆ. ಕನ್ನಡಕ ಹಾಕಿಕೊಂಡೆ. ದಿನಾಂಕ ತಪ್ಪು ಜಾಗದಲ್ಲಿತ್ತು, ಸರಿಪಡಿಸಿದೆ. ವಿಷಯದ ಸಾಲು ಉದ್ದವಾಗಿತ್ತು, ಕತ್ತರಿಸಿದೆ. ಎರಡನೆಯ ಪ್ಯಾರಾವನ್ನು ಎರಡಾಗಿ ಒಡೆದೆ. ಕೆಳಗೆ “ಈಗ ಚೆನ್ನಾಗಿದೆ” ಎಂದು ಬರೆದು, ಫೋಟೊ ತೆಗೆದು, ಒಂದು ಗಂಟೆಯೊಳಗೆ ಕಳಿಸಿ, ಕುಕ್ಕರಿಗೆ ಬೇಳೆ ಇಟ್ಟೆ. ಮೂರನೆಯ ಸೀಟಿಗೆ ನನಗೆ ಅರ್ಥವಾಯಿತು.

ಫೋನ್ ಮಾಡಿದೆ. “ಹರ್ಷಿಣಿ, ಅದು ರಾಜೀನಾಮೆ ಪತ್ರ.”

“ಹೌದು ಮೇಡಂ.”

“ಮೊದಲೇ ಹೇಳಬಾರದಿತ್ತೇನೆ?”

“ಎರಡ್ನೇ ಸಾಲಲ್ಲೇ ಇದೆಯಲ್ಲ ಮೇಡಂ.”

ನಗಿ, ನಗಿ. ನಗಬೇಕಾದ ವಿಷಯವೇ. ಒಬ್ಬಳು ಹುಡುಗಿ ತನ್ನ ಹದಿನೈದು ವರ್ಷದ ಓದನ್ನೂ ಏಳು ವರ್ಷದ ಕೆಲಸವನ್ನೂ ಬಿಟ್ಟು ಹೋಗುತ್ತೇನೆಂದು ಬರೆದು ಕಳಿಸುತ್ತಾಳೆ. ಅವಳ ಗುರುವೆನಿಸಿಕೊಂಡವಳು ಅದನ್ನು ಚೊಕ್ಕ ಮಾಡಿ ಹಿಂದಿರುಗಿಸುತ್ತಾಳೆ. ಅವಳು ಅದನ್ನು ನನಗೆ ಏಕೆ ಕಳಿಸಿದಳು? ತಿದ್ದಲೆಂದೇ ಕಳಿಸಿದಳೇ? ಆ ದಿನ ಬೇಳೆ ತಳ ಹಿಡಿಯಿತು.

ಮಾರನೆಯ ಬೆಳಿಗ್ಗೆ ನಾನು ಮೆಟ್ರೊ ಹತ್ತಿ ಘಾಜಿಯಾಬಾದಿಗೆ ಹೋದೆ. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ಸಾವಿರದ ಒಂಬೈನೂರ ತೊಂಬತ್ತೇಳರ ಜನವರಿ ಹದಿಮೂರು, ಸೋಮವಾರ. ಎರಡನೆಯ ವರ್ಷದ ತರಗತಿ, ಅರವತ್ತು ಹುಡುಗಿಯರು, ವಿಷಯ ಜರೀಗಿಡಗಳ ಜೀವನಚಕ್ರ. ಹನ್ನೆರಡು ವರ್ಷದಿಂದ ಕಲಿಸುತ್ತಿದ್ದ ಪಾಠ. ಬೋರ್ಡಿನ ಮೇಲೆ ಸುಣ್ಣದಕಡ್ಡಿ ಇಟ್ಟೆ. ಕೈ ಓಡಲಿಲ್ಲ. ನೋವಿಲ್ಲ, ಜ್ವರವಿಲ್ಲ. ಮುಂದೇನು ಬರೆಯಬೇಕೆಂಬುದೂ ಗೊತ್ತು. ಬರೆಯಬೇಕಾದವಳು ಅಲ್ಲಿರಲಿಲ್ಲ, ಅಷ್ಟೇ. ಹೊರಗೆ ನಡೆದೆ. ಕಾರಿಡಾರಿನಲ್ಲಿ ನನ್ನ ಸಹೋದ್ಯೋಗಿ ವಾಸಂತಿ ಸಿಕ್ಕಳು. ಶಿವಮೊಗ್ಗದವಳು. ನನ್ನ ಮುಖವನ್ನು ನೋಡಿ, ಏನೂ ಕೇಳದೆ, ಆಟೋದಲ್ಲಿ ಕೂರಿಸಿ, ಸರೋಜಿನಿ ನಗರದ ತನ್ನ ಸರ್ಕಾರಿ ಕ್ವಾರ್ಟರ್ಸಿಗೆ ಕಳಿಸಿಬಿಟ್ಟಳು. ನನಗೆ ಊರಲ್ಲಿ ತಾಯಿಯಿದ್ದರು, ಅವರಿಗೆ ತಿಳಿಯಬಾರದಿತ್ತು. ಇಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ. ಇರಲಿ, ಅದು ಬೇರೆ ಮಾತು.

ಅವಳ ಮನೆಯ ನಡುಕೋಣೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಮಲಗಿದೆ. ಮಾರುಕಟ್ಟೆಯಲ್ಲಿ ಸ್ವೆಟರ್ ಮಾರುವವರ ಕೂಗು ಕಿಟಕಿಯವರೆಗೂ ಬರುತ್ತಿತ್ತು. ವಾಸಂತಿ ತನ್ನ ತರಗತಿಗಳ ಜೊತೆಗೆ ನನ್ನ ತರಗತಿಗಳನ್ನೂ ಮುಗಿಸಿ, ಎರಡು ಬಸ್ಸು ಬದಲಿಸಿ ಬಂದು, ಮೊಸರನ್ನ ಕಲಸಿ ತಟ್ಟೆಯನ್ನು ಪಕ್ಕದಲ್ಲಿಡುತ್ತಿದ್ದಳು. ಸಾಕಾ, ಇನ್ನೂ ಸ್ವಲ್ಪ ಹಾಕಲಾ, ಇಷ್ಟೇ ಅವಳ ಮಾತು. ಹೀಗೆ, ನಡುವಿನ ಭಾನುವಾರ ಬಿಟ್ಟು, ಹನ್ನೊಂದು ದಿನದ ತರಗತಿಗಳು ಹೋದವು. ಇಪ್ಪತ್ತೈದನೆಯ ತಾರೀಖು ನಾನು ಕಾಲೇಜಿಗೆ ಹೋದೆ.

ಆಗ ಹಾಜರಿ ಪುಸ್ತಕ ವಿಭಾಗದ ಕಪಾಟಿನಲ್ಲಿರುತ್ತಿತ್ತು, ಸಂಜೆ ಹೊರಡುವಾಗ ಸಹಿ ಮಾಡುತ್ತಿದ್ದೆವು. ಯಾರಾದರೂ ಬರದಿದ್ದರೆ ವಿಭಾಗದ ಹಿರಿಯರು ಆ ದಿನದ ಚೌಕದಲ್ಲಿ ಕೆಂಪು ಗೆರೆ ಎಳೆಯಬೇಕು. ನಮ್ಮ ಹಿರಿಯರು ಎಳೆದಿರಲಿಲ್ಲ. ತರಗತಿಗಳು ನಡೆದಿವೆಯಲ್ಲ, ಎಂದು ವಾಸಂತಿ ಅವರಿಗೆ ಹೇಳಿದ್ದಳಂತೆ. ನನ್ನ ಹೆಸರಿನ ಮುಂದೆ ಹನ್ನೊಂದು ಖಾಲಿ ಚೌಕಗಳು. ರಜೆಯ ಅರ್ಜಿ ಬರೆಯಬಹುದಿತ್ತು. ಹೆಸರಿಲ್ಲದ ಕಾಯಿಲೆಗೆ ಅರ್ಜಿ ಬರೆದರೆ ಜನ ಏನೆಂದಾರು ಎಂಬ ಭಯ. ಪೆನ್ನು ತೆಗೆದು ಹನ್ನೊಂದು ಸಹಿಗಳನ್ನು ಒಂದೇ ಉಸಿರಿನಲ್ಲಿ ಹಾಕಿದೆ. ಹಾಕಿದ ಮೇಲೆ, ಸಭಿಕರೇ, ನಾನೇ ಅವನ್ನು ನಂಬತೊಡಗಿದೆ. ಐದು ವರ್ಷದಲ್ಲಿ ಪೂರ್ತಿ ನಂಬಿಕೆ ಬಂತು. ಇಪ್ಪತ್ತೈದು ವರ್ಷದಲ್ಲಿ ತೇಗದ ಮರದ ಮೇಲೆ ಹಿತ್ತಾಳೆಯಲ್ಲಿ ಬಂತು.

ಇದನ್ನು ಕೇಳಿ ಹರ್ಷಿಣಿ ಏನೆಂದಳು ಗೊತ್ತೇ? “ಹನ್ನೊಂದೂ ಒಂದೇ ಪೆನ್ನಲ್ಲಾ ಮೇಡಂ? ಹುಡುಗೀರು ಲ್ಯಾಬ್ ರೆಕಾರ್ಡಲ್ಲಿ ಹಾಗೆ ಮಾಡಿದ್ರೆ ನೀವು ಹಿಡೀತಿದ್ರಿ.” ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಪೃಥ್ವಿ ಅಡುಗೆಮನೆಯಿಂದ ಇಣುಕಿದ. ಆಮೇಲೆ ನಗು ನಿಂತಿತು. “ಹಾಗಾದ್ರೆ ಆ ಫಲಕ ಯಾಕೆ ಮಾಡಿಸಿದ್ರಿ?” ಎಂದಳು. ಮೇಡಂ ಎಂಬ ಶಬ್ದವನ್ನು ಸೇರಿಸಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ.

ಸೋಮವಾರ ಕಾಲೇಜಿಗೆ ನೀನು ಒಂದು ಪತ್ರವನ್ನಂತೂ ಕೊಡಲೇಬೇಕು, ಯಾವ ಪತ್ರವೆಂಬುದನ್ನು ನೀನೇ ಯೋಚಿಸು ಎಂದೆ. ನಾನಾದರೋ ನನ್ನ ಪತ್ರವನ್ನು ಬರೆದೇ ಬರೆಯುತ್ತೇನೆ ಎಂದು ಹೇಳಿ ಬಂದೆ.

ಗುರುವಾರ ವಾಸಂತಿಗೆ ಫೋನ್ ಮಾಡಿದೆ. ಅವಳೀಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಫೋನ್ ಮಾಡದೆ ಎಷ್ಟು ವರ್ಷವಾಗಿತ್ತು ಎಂಬುದನ್ನು ಈ ವೇದಿಕೆಯ ಮೇಲೆ ಹೇಳಲಾರೆ. ಕಾರಣವನ್ನು ಹೇಳುತ್ತೇನೆ. ಎರಡು ಸಾವಿರದ ಆರರಲ್ಲಿ ನಾನು ವಿಭಾಗದ ಮುಖ್ಯಸ್ಥೆ. ಅತ್ತೆಯ ತಿಥಿಗೆ ಊರಿಗೆ ಹೋದ ವಾಸಂತಿಯ ರೈಲು ಒಂದು ದಿನ ತಡವಾಯಿತು. “ಒಂದಿನ ಬಿಡೇ ವೈಜು” ಎಂದಳು. ನಿಯಮವೆಂದರೆ ನಿಯಮ ಎಂದು ಅವಳ ಕಣ್ಣೆದುರೇ ಕೆಂಪು ಗೆರೆ ಎಳೆದೆ. ಅವಳು ಗೆರೆಯನ್ನು ನೋಡಿದಳು, ಪುಸ್ತಕಗಳನ್ನು ಎತ್ತಿಕೊಂಡು ತರಗತಿಗೆ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಆ ದಿನದಿಂದ ಅವಳು ನನಗೆ ಮೇಡಂ ಎನ್ನತೊಡಗಿದಳು.

ಅದನ್ನೆಲ್ಲ ಫೋನಿನಲ್ಲಿ ಹೇಗೆ ಹೇಳುವುದು? ತೊಂಬತ್ತೇಳರ ಆ ಹನ್ನೊಂದು ದಿನಕ್ಕೆ ಏನಾದರೂ ದಾಖಲೆ ಇದ್ದೀತೇ ಎಂದಷ್ಟೇ ಕೇಳಿದೆ.

“ನನ್ನ ಪಾಠದ ಡೈರಿ ಇದೆ ಕಣೆ. ಯಾವ ದಿನ ನಿನ್ನ ಯಾವ ಕ್ಲಾಸ್ ತಗೊಂಡೆ ಅಂತ ಬರ್ದಿಟ್ಟಿದೀನಿ.”

ಇಷ್ಟು ವರ್ಷ ಏಕೆ ಇಟ್ಟುಕೊಂಡಿದ್ದೆ ಎಂದೆ.

“ಒಂದಲ್ಲ ಒಂದಿನ ನೀನೇ ಕೇಳ್ತೀಯ ಅಂತ. ಕೇಳೋಕೆ ತುಂಬಾ ತಡ ಮಾಡ್ದೆ, ವೈಜು.”

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹತ್ತು ನಿಮಿಷವೆಂದು ಹೇಳಿ ಮೈಕು ಕೊಟ್ಟವರು ನನ್ನ ಹಳೆಯ ವಿದ್ಯಾರ್ಥಿನಿಯರನ್ನು ಮೊದಲು ವಿಚಾರಿಸಬೇಕಾಗಿತ್ತು. ಇನ್ನೆರಡೇ ಮಾತು. ಈ ಸಭೆಯಲ್ಲಿ ಕಲಿಸುವವರು ಹತ್ತಾರು ಜನರಿದ್ದೀರಿ. ಕೆಲವರು ಇನ್ನೂ ಕೆಲಸ ಕಾಯಂ ಆಗದವರು. ರಜೆ ಕೇಳಿದರೆ ಕೆಲಸವೇ ಹೋದೀತು ಎಂದು ಹೆದರಿ ಜ್ವರದಲ್ಲೂ ಪಾಠ ಮಾಡುವವರು. ಆ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ; ಬೆಳಿಗ್ಗೆ ಬೇಗ ಎದ್ದರೆ ಅದು ಹೋಗುತ್ತದೆಂದು ಇನ್ನು ಮುಂದೆ ಹೇಳುವುದೂ ಇಲ್ಲ. ಅದರ ಮೇಲೆ ಹಿರಿಯರು ತಮ್ಮದೊಂದು ಫಲಕ ತೂಗುಹಾಕಬಾರದು. ದಣಿದದ್ದುಂಟು, ಬಿದ್ದದ್ದುಂಟು, ಯಾರೋ ಒಬ್ಬರು ನಮ್ಮ ತರಗತಿ ತೆಗೆದುಕೊಂಡದ್ದುಂಟು ಎಂದು ಹಿರಿಯರಾದ ನಾವು ಬಾಯಿಬಿಟ್ಟು ಹೇಳಬೇಕು. ನಾನು ಇವತ್ತು ಹೇಳಿದ್ದೇನೆ.

ಸನ್ಮಾನಕ್ಕಾಗಿ ಬಳಗಕ್ಕೆ, ಮೈಸೂರು ಪೇಟವನ್ನು ನನ್ನ ಕೂದಲು ಕೆಡದಂತೆ ತೊಡಿಸಿದ ದತ್ತಾತ್ರೇಯ ಅವರಿಗೆ, ಕರೆದದ್ದಕ್ಕೆ ಪಶ್ಚಾತ್ತಾಪ ಪಡುತ್ತಿರಬಹುದಾದ ಚಿರಂತನಿಗೆ, ಭಾನುವಾರ ಕುರ್ಚಿ ಕೊಟ್ಟ ಹನುಮಂತನಿಗೆ, ತಾಳ್ಮೆಯಿಂದ ಕುಳಿತ ನಿಮಗೆಲ್ಲರಿಗೆ ನನ್ನ ಧನ್ಯವಾದಗಳು. ಸನ್ಮಾನ ಪತ್ರದಲ್ಲಿರುವ, ಒಂದು ದಿನವೂ ರಜೆ ಹಾಕದವರು ಎಂಬ ಆ ಒಂದು ಸಾಲನ್ನು ಹೊಡೆದುಹಾಕಿ ಮತ್ತೆ ಅಚ್ಚು ಮಾಡಿಸಿ ಕೊಟ್ಟರೆ ಸಂತೋಷದಿಂದ ಮನೆಯಲ್ಲಿ ತೂಗುಹಾಕುತ್ತೇನೆ.

ನಾಳೆ ಬೆಳಿಗ್ಗೆ ಪ್ರಾಂಶುಪಾಲರ ಕೈಗೆ ಕೊಡಲಿರುವ ನನ್ನ ಪತ್ರ ಈ ಲಕೋಟೆಯಲ್ಲಿದೆ. ಪತ್ರ ಉದ್ದವಾಗಿದೆ, ಓದುವುದಿಲ್ಲ. ಅದರೊಂದಿಗೆ ಲಗತ್ತಿಸಿದ ಕಾಗದಗಳನ್ನು ಮಾತ್ರ ನಿಮ್ಮೆದುರು ಓದಿ ನನ್ನ ಜಾಗದಲ್ಲಿ ಕುಳಿತುಕೊಳ್ಳುತ್ತೇನೆ.

ಒಂದು. ಸಾವಿರದ ಒಂಬೈನೂರ ತೊಂಬತ್ತೇಳರ ಜನವರಿ ಹದಿಮೂರರಿಂದ ಇಪ್ಪತ್ತನಾಲ್ಕರವರೆಗಿನ ಗೈರುಹಾಜರಿಗಾಗಿ ನನ್ನ ರಜೆಯ ಅರ್ಜಿ. ಇಪ್ಪತ್ತೆಂಟು ವರ್ಷ ತಡವಾದದ್ದಕ್ಕೆ ಕ್ಷಮಾಪಣೆ ಅದರಲ್ಲೇ ಇದೆ.

ಎರಡು. ಆ ದಿನಗಳಲ್ಲಿ ನನ್ನ ತರಗತಿಗಳನ್ನು ತೆಗೆದುಕೊಂಡ ಶ್ರೀಮತಿ ವಾಸಂತಿಯವರ ಪಾಠದ ಡೈರಿಯ ಎರಡು ಪುಟಗಳ ಪ್ರತಿ.

ಮೂರು. ನನ್ನ ಹೆಸರಿನ ಫಲಕವನ್ನು ಗೋಡೆಯಿಂದ ತೆಗೆಯಬೇಕೆಂಬ ಮನವಿ. ಮೊಳೆ ಕಿತ್ತ ತೂತನ್ನು ಮುಚ್ಚಿಸುವ ಹೊಣೆ ನನ್ನದು.

ನಾಲ್ಕು. ಎರಡು ತಿಂಗಳ ಕಾಲ ವಿಭಾಗದ ಪ್ರಾಯೋಗಿಕ ತರಗತಿಗಳನ್ನು ಅತಿಥಿ ಅಧ್ಯಾಪಕಿಯಾಗಿ ತೆಗೆದುಕೊಳ್ಳಲು ನನ್ನ ಒಪ್ಪಿಗೆ ಪತ್ರ. ಅರವತ್ತೆಂಟರ ಮಂಡಿಗಾಗಿ ಒಂದು ಎತ್ತರದ ಸ್ಟೂಲು ಬೇಕೆಂಬ ಕೋರಿಕೆಯೊಂದಿಗೆ.

ಐದು. ವೈದ್ಯರ ಪ್ರಮಾಣಪತ್ರ ಸಹಿತ, ಡಾ. ಹರ್ಷಿಣಿಯವರ ಎರಡು ತಿಂಗಳ ರಜೆಯ ಅರ್ಜಿ. ಇಂದು ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ನನ್ನ ಊಟದ ಮೇಜಿನ ಮೇಲೆ, ಅವರೇ ಸಹಿ ಮಾಡಿದ್ದು.

ನಮಸ್ಕಾರ.